ಲೈನ್ ಖಾಲಿ ಇರಲಿ

ನಮ್ಮತ್ತೆಗೆ ಫೋನ್ ಮಾಡಿದರೆ ಅರ್ಧ ರಿಂಗಿಗೇ ಎತ್ತುತ್ತಾಳೆ. ಎತ್ತಿದವಳೇ "ಹೇಳು" ಅನ್ನುತ್ತಾಳೆ. ಅವಳ ಲೆಕ್ಕದಲ್ಲಿ "ಹಲೋ" ಅನ್ನುವುದು ಎರಡು ಸೆಕೆಂಡ್ ದಂಡ. ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಊರಿನ ಹಲೋಗಳನ್ನೆಲ್ಲ ಕೇಳಿ ಮುಗಿಸಿದವಳು ಅವಳು. ಅಲ್ಲಿ ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಲೈನಕ್ಕ. ಅಪ್ಪನಿಗೆ ಒಬ್ಬಳೇ ಅಕ್ಕ, ನನಗೆ ಒಬ್ಬಳೇ ಅತ್ತೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ "ಲೈನ್ ಸಿಗಲಿಲ್ಲ" ಎಂದು ನಗಿಸಿ ಮಾತು ಮರೆಸುತ್ತಿದ್ದಳು.

ಚಿಕ್ಕವಳಿದ್ದಾಗ ರಜೆ ಬಂದರೆ ನಾನು ಅವಳ ಕೋಣೆಗೆ ಹೋಗಿ ಕೂರುತ್ತಿದ್ದೆ. ಮೆಟ್ಟಿಲ ಕೆಳಗಿನ, ಕಿಟಕಿಯಿಲ್ಲದ ಕೋಣೆ. ಗೋಡೆಗೊಂದು ದೊಡ್ಡ ರಟ್ಟು ಹೊಡೆದಿತ್ತು. ಅದರ ಮೇಲೆ ಅತ್ತೆಯೇ ಸ್ಕೇಲು ಹಿಡಿದು ಆಸ್ಪತ್ರೆಯ ಮಹಡಿಗಳನ್ನೆಲ್ಲ ಗೆರೆ ಎಳೆದಿದ್ದಳು. ರಟ್ಟಿನ ತುಂಬ ಗುಂಡುಸೂಜಿ ಚುಚ್ಚಿದ ಔಷಧಿ ಬಾಟಲಿಯ ಮುಚ್ಚಳಗಳು. ಒಂದೊಂದು ಮುಚ್ಚಳವೂ ಒಬ್ಬೊಬ್ಬ ಡಾಕ್ಟರು. ಬಾಗಿಲ ಮುಂದೆ ಹಾದುಹೋಗುವ ಲಿಫ್ಟಿನವನು, ಆಯಾ, ಫೈಲು ಹೊರುವವನು, ಎಲ್ಲರೂ ತಲೆ ಒಳಗೆ ಹಾಕಿ ಒಂದು ಸುದ್ದಿ ಕೊಟ್ಟು ಹೋಗುತ್ತಿದ್ದರು. "ಲೈನಕ್ಕ, ಮೂಳೆ ಡಾಕ್ಟ್ರು ಕ್ಯಾಂಟೀನಲ್ಲಿ." ನೀಲಿ ಮುಚ್ಚಳ ಕ್ಯಾಂಟೀನಿಗೆ ಹೋಗುತ್ತಿತ್ತು. "ಲೈನಕ್ಕ, ಹೆರಿಗೆ ಡಾಕ್ಟ್ರು ಕೈ ತೊಳೀತಿದಾರೆ." ಕೆಂಪು ಮುಚ್ಚಳ ಆಪರೇಷನ್ ಕೋಣೆಗೆ. ಹೊರಗಿನಿಂದ ಕರೆ ಬಂದರೆ ಅತ್ತೆ ಒಮ್ಮೆ ರಟ್ಟಿನ ಕಡೆ ನೋಡಿ ತೀರ್ಮಾನ ಮಾಡಿಬಿಡುತ್ತಿದ್ದಳು, ಈ ಕರೆ ಈಗ ಹೋಗಬೇಕೋ, ಹತ್ತು ನಿಮಿಷ ಬಿಟ್ಟು ಹೋಗಬೇಕೋ ಅಂತ.

"ಯಾರು ಎಲ್ಲಿದಾರೆ ಅನ್ನೋದು ದೊಡ್ಡದಲ್ಲ ಕಣೆ," ಅನ್ನುತ್ತಿದ್ದಳು. "ಅವರ ಕೈ ಖಾಲಿ ಇದೆಯಾ, ಮನಸ್ಸು ಖಾಲಿ ಇದೆಯಾ, ಅದು ನೋಡ್ಬೇಕು."

ಆ ಕೋಣೆಯ ಕಾನೂನು ಒಂದೇ. ನಡೆಯುತ್ತಿರುವ ಮಾತಿನ ಮಧ್ಯೆ ನುಗ್ಗಬಾರದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳೇ ಒಮ್ಮೆ ನುಗ್ಗಿದ್ದಳಂತೆ. ಯಾವನೋ ದೊಡ್ಡ ಮನುಷ್ಯನ ಕರೆ ಅಂತ ಸರ್ಜನರ ಲೈನಿನೊಳಗೆ ಹೋಗಿ "ಸಾರ್, ಒಂದು ಅರ್ಜೆಂಟ್ ಕಾಲ್" ಅಂದಿದ್ದಾಳೆ. ಆ ಹೊತ್ತಿಗೆ ಅವರ ತಮ್ಮ ಅವರಿಗೆ ತಾಯಿ ತೀರಿಕೊಂಡ ಸುದ್ದಿ ಹೇಳುತ್ತಿದ್ದ. ಸರ್ಜನರು ಬಯ್ಯಲಿಲ್ಲ. "ಒಂದು ನಿಮಿಷ ಬಿಡಮ್ಮ" ಅಂದರಂತೆ, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆ ಎಂದು ಅತ್ತೆ ಎಷ್ಟೋ ಸಲ ಹೇಳಿದ್ದಾಳೆ. ಅಂದಿನಿಂದ ಅವಳಿಗೆ ಎಂಗೇಜ್ ಟೋನಿನ ಮೇಲೆ ಭಕ್ತಿ. ಅವಳ ವಾದ ಹೀಗಿತ್ತು. ರಿಂಗಾಗಿ ರಿಂಗಾಗಿ ನಿಂತರೆ ಆ ಕಡೆ ಏನಾಗಿದೆಯೋ ಗೊತ್ತಾಗುವುದಿಲ್ಲ. ಎಂಗೇಜ್ ಬಂದರೆ ಮನುಷ್ಯ ಇದ್ದಾನೆ, ಎಚ್ಚರವಾಗಿದ್ದಾನೆ, ಇನ್ನೊಂದು ಸಲ ಮಾಡಿದರೆ ಸಿಗುತ್ತಾನೆ. ಅದಕ್ಕಿಂತ ಖಾತ್ರಿ ಬೇರೇನು ಬೇಕು?

ಅವಳು ನಿವೃತ್ತಳಾದ ವರ್ಷವೇ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟವು.

ಅಪ್ಪ ಗಡಿಯಾರ ರಿಪೇರಿ ಮಾಡುವವರು. ಒಂದು ಮಂಚ ಹಿಡಿಸುವಷ್ಟು ಅಗಲದ ಅಂಗಡಿ, ಒಂದು ಗಾಜಿನ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ. ಮಾತು ಕಡಿಮೆ, ತಾಳ್ಮೆ ಜಾಸ್ತಿ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಅವರನ್ನು ಯಂತ್ರಕ್ಕೆ ಜೋಡಿಸಿ ರಕ್ತ ತೊಳೆಯಲು ಶುರು ಮಾಡಿದರು. ಅಮ್ಮನ ಕಿಡ್ನಿ ಹೊಂದಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ನನ್ನದನ್ನು ತೆಗೆದುಕೊಳ್ಳಲು ಅಪ್ಪ ಸುತರಾಂ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ. ಊರಿನ ಆ ತುದಿಯ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಯಾರೋ ಗುರುತಿಲ್ಲದವರು ಹೋಗುವಾಗ ಬಿಟ್ಟುಹೋಗುವ ಕಿಡ್ನಿಗೆ ಕಾಯುವುದು.

ಆ ಪಟ್ಟಿ ನೋಡಿಕೊಳ್ಳುವ ಹೆಂಗಸನ್ನು ನಾವು ಪಟ್ಟಿ ಮೇಡಂ ಅನ್ನುತ್ತಿದ್ದೆವು. ಒಳ್ಳೆಯವರು. ಮೊದಲ ದಿನವೇ ಎಲ್ಲ ಬಿಡಿಸಿ ಹೇಳಿದ್ದರು. "ಯಾವಾಗ ಬರುತ್ತೆ ಅಂತ ಹೇಳಕ್ಕಾಗಲ್ಲ. ಬಂದಾಗ ಫೋನ್ ಮಾಡ್ತೀವಿ. ಮೂರು ನಂಬರ್ ಕೊಡಿ. ಅರ್ಧ ಗಂಟೆ ಮೂರಕ್ಕೂ ತಿರುಗಿಸಿ ತಿರುಗಿಸಿ ಪ್ರಯತ್ನ ಮಾಡ್ತೀವಿ. ಯಾರೂ ಸಿಗಲಿಲ್ಲ ಅಂದ್ರೆ ಮುಂದಿನವರನ್ನ ಕರೀಲೇಬೇಕು. ಕಿಡ್ನಿ ಕಾಯಲ್ಲ."

ಫಾರಮ್ಮಿನಲ್ಲಿ ಮೊದಲು ಅಪ್ಪನ ನಂಬರ್, ಆಮೇಲೆ ಅತ್ತೆಯದು, ಆಮೇಲೆ ನನ್ನದು. ಅಮ್ಮ ಶಾಲೆಯ ಟೀಚರ್, ಪಾಠ ಮಾಡುವಾಗ ಫೋನು ಬೀರುವಿನಲ್ಲಿರುತ್ತದೆ ಎಂದು ಅತ್ತೆ ಅವಳನ್ನು ಕೈಬಿಟ್ಟಳು. ನಾನು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಫೋನು ಕೋಟಿನ ಜೇಬಿನಲ್ಲೇ ಇರುತ್ತದೆ.

ಫಾರಮ್ಮಿಗೆ ಸಹಿ ಬಿದ್ದದ್ದೇ ತಡ, ಅತ್ತೆಗೆ ಹೋದ ಕೆಲಸ ವಾಪಸ್ಸು ಬಂದಂತಾಯಿತು. ನನ್ನಿಂದಲೇ ನಾಲ್ವರ ಫೋನಿಗೂ ಒಂದು ಆ್ಯಪ್ ಹಾಕಿಸಿದಳು. ಅದರಲ್ಲಿ ಯಾರ ಫೋನು ಎಲ್ಲಿದೆ, ನಿಂತಿದೆಯೋ ಓಡುತ್ತಿದೆಯೋ, ರಿಂಗು ಇದೆಯೋ ಮುಚ್ಚಿದೆಯೋ, ಚಾರ್ಜು ಎಷ್ಟಿದೆ, ಕರೆಯಲ್ಲಿದ್ದಾರೋ ಇಲ್ಲವೋ ಎಲ್ಲ ಕಾಣುತ್ತಿತ್ತು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯ ತನ್ನ ಒಂದೂವರೆ ಕೋಣೆಯ ಮನೆಯಲ್ಲಿ ಊಟದ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು ಕೂತಳು. ನಾಲ್ಕು ಚುಕ್ಕಿ. ರಟ್ಟಿನ ಮೇಲಿನ ಮುಚ್ಚಳಗಳೇ ಎದ್ದು ಬಂದು ತಾವಾಗಿಯೇ ಓಡಾಡುತ್ತಿವೆ ಎಂದು ಅವಳಿಗೆ ಖುಷಿಯೋ ಖುಷಿ.

ಅಪ್ಪನ ಫೋನಿಗೆ ಮನೆಯವರು ಯಾರೂ ಮಾಡುವಂತಿಲ್ಲ. ಮಾಡಲೇಬೇಕಾದರೆ ಅವಳನ್ನು ಕೇಳಿ ಮಾಡಬೇಕು. ಅಂಗಡಿ ಬೋರ್ಡಿನ ಮೇಲಿದ್ದ ನಂಬರಿಗೆ ಬಣ್ಣ ಬಳಿಸಿದಳು. ಗಿರಾಕಿಗಳು ಕಾಲಿಟ್ಟು ಬರಲಿ ಅಂದಳು. ಪಟ್ಟಿಗೆ ಕೊಟ್ಟ ಮೂರೂ ಫೋನಿನಲ್ಲಿ ಕಾಲ್ ವೇಟಿಂಗ್ ತೆಗೆಸಿದಳು. ಮಾತಿನ ನಡುವೆ ಕುಂಯ್ ಕುಂಯ್ ಅನ್ನುವ ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಈ ಕಡೆಯವರ ಮಾತೂ ಕೆಡುತ್ತೆ, ಆ ಕಡೆಯವರಿಗೆ ಬರೀ ರಿಂಗ್ ಕೇಳುತ್ತೆ. ಯಾರೂ ಇಲ್ಲ ಅಂತ ಅಂದ್ಕೋತಾರೆ. ಎಂಗೇಜ್ ಬರಲಿ, ಮತ್ತೆ ಮಾಡ್ತಾರೆ." ಮೂವತ್ತೊಂದು ವರ್ಷದ ಅನುಭವದ ಮುಂದೆ ನಾನು ಯಾವ ಸೀಮೆಯವಳು? ತೆಗೆದೆ. ನನ್ನ ಕೈಯಾರೆ ಮೂರು ಫೋನಿನಲ್ಲೂ ತೆಗೆದೆ.

ಒಂದು ವರ್ಷ ನಮ್ಮ ಸಂಸಾರ ಅವಳ ಬೋರ್ಡಿನ ಮೇಲೆ ನಡೆಯಿತು. ಅಮ್ಮನ ಹತ್ತಿರ ಬೀಗದ ಕೈ ಎಲ್ಲಿದೆ ಎಂದು ಕೇಳಬೇಕಾದರೂ ಮೊದಲು ಅತ್ತೆಗೊಂದು ಮೆಸೇಜು. "ಬಸ್ಸಲ್ಲಿದಾಳೆ, ನಿಂತಿದಾಳೆ ಅನ್ಸುತ್ತೆ, ಎರಡು ಸ್ಟಾಪ್ ಆಗಲಿ" ಅನ್ನುವ ಉತ್ತರ. ಬಸ್ಸಿನಲ್ಲಿ ಅಮ್ಮ ನಿಂತಿದ್ದಾಳೆ ಎಂದು ಆ್ಯಪಿಗೆ ಹೇಗೆ ಗೊತ್ತು ಎಂದು ನಾನು ಒಮ್ಮೆ ರೇಗಿದೆ. "ಆ್ಯಪಿಗೆ ಗೊತ್ತಿಲ್ಲ, ನಂಗೊತ್ತು. ಈ ಹೊತ್ತಲ್ಲಿ ಆ ಬಸ್ಸಲ್ಲಿ ಸೀಟ್ ಸಿಗಲ್ಲ" ಅಂದಳು. ನನ್ನ ಸ್ನೇಹಿತೆಯರ ಜೊತೆ ಎರಡು ನಿಮಿಷ ಹರಟೆ ಹೊಡೆದರೆ ಸಾಕು, ಇಟ್ಟ ತಕ್ಷಣ "ಮುಗೀತಾ?" ಎಂದು ಮೆಸೇಜು. ಪಿತ್ತ ನೆತ್ತಿಗೇರುತ್ತಿತ್ತು. ಆದರೂ ಯಾರೂ ಎದುರಾಡಲಿಲ್ಲ. ಅಪ್ಪನ ಕಾಲು ಊದಿಕೊಂಡು ಚಪ್ಪಲಿ ಹಿಡಿಸದೆ ಇದ್ದಾಗ, ಅವರು ಬಾಯಾರಿಕೆಗೆ ಒಂದು ಚೂರು ಮಂಜುಗಡ್ಡೆ ಬಾಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಾಗ, ನಮ್ಮ ಕೈಲಾಗುವ ಕೆಲಸ ಅಂತ ಇದ್ದದ್ದು ಅದೊಂದೇ, ಲೈನ್ ಖಾಲಿ ಇಡುವುದು.

ಅತ್ತೆ ಕೂಡ ಕಟ್ಟುನಿಟ್ಟು. ಅವಳ ಫೋನು ಯಾವತ್ತೂ ಒಂದು ನಿಮಿಷ ದಾಟಿದ್ದಿಲ್ಲ.

ಅದು ಗುರುವಾರ. ಅಪ್ಪನಿಗೆ ಡಯಾಲಿಸಿಸ್ ಇಲ್ಲದ ದಿನ, ಅಂಗಡಿಯಲ್ಲಿದ್ದರು. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಹೊಡೆದುಕೊಂಡಿತು. ಅತ್ತೆ. ಎತ್ತಿದ್ದೇ ತಡ ಮಾತು ಶುರು ಮಾಡಿದಳು.

"ನಿಮ್ಮಪ್ಪನ ಲೈನ್ ಎಂಗೇಜ್. ಐದು ನಿಮಿಷ ಆಯ್ತು. ನಿಮ್ಮಮ್ಮ ಕ್ಲಾಸಲ್ಲಿದಾಳೆ, ನೀನು ಖಾಲಿ ಇದ್ದೆ, ನಾನು ಇಲ್ಲಿದೀನಿ. ನಮ್ಮನ್ನ ಬಿಟ್ರೆ ಆ ನಂಬರ್ ಇರೋದು ಯಾರ ಹತ್ರ ಹೇಳು?"

"ಆಸ್ಪತ್ರೆನಾ ಅತ್ತೆ?"

"ಇನ್ಯಾರು ಐದು ನಿಮಿಷ ಮಾತಾಡ್ತಾರೆ ಅವನ ಹತ್ರ? ಜ್ವರ ಇದೆಯಾ, ಕೆಮ್ಮು ಇದೆಯಾ, ಏನು ತಿಂದ್ರಿ, ಎಲ್ಲ ಕೇಳ್ತಾರಂತೆ. ಹೊತ್ತಾಗುತ್ತೆ. ನೀನು ಮಾತ್ರ ಗಾಬರಿಯಾಗಿ ಅವನಿಗೆ ಮಾಡ್ಬೇಡ. ಅದಕ್ಕೇ ಫೋನ್ ಮಾಡ್ದೆ. ಲೈನ್ ಮುಟ್ಬೇಡ."

"ಇಲ್ಲ ಅತ್ತೆ."

ಅಲ್ಲಿಗೆ ಇಡಬಹುದಿತ್ತು. ಯಾವ ದಿನವಾದರೂ ಇಡುತ್ತಿದ್ದಳು. ಅವತ್ತು ಇಡಲಿಲ್ಲ. ಬಾಗಿಲ ಹಿಂದೆ ಕಟ್ಟಿಟ್ಟ ಚೀಲದಲ್ಲಿ ಏನೇನಿದೆ ಎಂದು ಹೇಳಿದಳು. ಎರಡು ಜೊತೆ ಬಟ್ಟೆ, ರಿಪೋರ್ಟಿನ ಫೈಲು, ಪ್ಲಾಸ್ಟಿಕ್ ಲೋಟ, ಕನ್ನಡಕದ ಡಬ್ಬಿ. ಯಾರು ಟ್ಯಾಕ್ಸಿ ತರಬೇಕು, ಯಾರು ಅಮ್ಮನ ಶಾಲೆಗೆ ಹೋಗಬೇಕು. ಆಮೇಲೆ ಮಾತು ಹಿಂದಕ್ಕೆ ಹರಿಯಿತು. ಆರು ವರ್ಷದ ಅಪ್ಪ ತಾತನ ಅಲಾರಂ ಗಡಿಯಾರ ಬಿಚ್ಚಿ ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದು, ಏಟು ಬೀಳುವ ಹೊತ್ತಿಗೆ ಇವಳು ನಾನೇ ಬಿಚ್ಚಿದ್ದು ಅಂದದ್ದು, ಮಾರನೇ ದಿನ ಅಪ್ಪ ಅದನ್ನು ಜೋಡಿಸಿ ಇವಳ ದಿಂಬಿನ ಪಕ್ಕ ಇಟ್ಟದ್ದು. ಅದು ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿತ್ತಂತೆ. ಹೇಳಿ ಹೇಳಿ ನಕ್ಕಳು. ನಗುತ್ತಲೇ ಅತ್ತಳು.

"ಯಾಕೋ ಇವತ್ತು ಮಾತಾಡ್ಬೇಕು ಅನ್ನಿಸ್ತಿದೆ ಕಣೆ," ಅಂದಳು. "ನೋಡು, ಅವನು ಇನ್ನೂ ಮಾತಾಡ್ತಾನೇ ಇದಾನೆ."

ನನ್ನ ಮುಂದೆ ಒಬ್ಬ ಗಿರಾಕಿ ಮೂಗಿನ ಮೇಲೆ ಪರೀಕ್ಷೆಯ ಕನ್ನಡಕ ಹೊತ್ತು, ಒಂದು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಅಂಗಡಿಯ ಯಜಮಾನರು ಎರಡು ಸಲ ಗಂಟಲು ಸರಿಮಾಡಿಕೊಂಡರು. ನಾನು ಇಡಬಹುದಿತ್ತು. ಇಡಲಿಲ್ಲ. ಅತ್ತೆ ಅಷ್ಟು ಸಂತೋಷವಾಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೂಂಗುಟ್ಟುತ್ತ ನಿಂತೆ. ಇಪ್ಪತ್ತೆಂಟು ನಿಮಿಷ.

ಇಟ್ಟ ಮೇಲೆ ಫೋನು ನೋಡಿದರೆ ಮೆಸೇಜು ಸಾಲುಗಟ್ಟಿತ್ತು. ನೀವು ಮಾತನಾಡುತ್ತಿದ್ದಾಗ ಈ ನಂಬರಿನಿಂದ ಕರೆ ಬಂದಿತ್ತು. ಮತ್ತೆ ಅದೇ. ಮತ್ತೆ ಅದೇ. ಐದು ಸಲ. ನಂಬರು ನನಗೆ ಬಾಯಿಪಾಠ. ಒತ್ತುವಾಗ ಎರಡು ಸಲ ತಪ್ಪಿದೆ. ಪಟ್ಟಿ ಮೇಡಂ ಎತ್ತಿದರು.

"ಮೂರು ಗಂಟೆ ಆರು ನಿಮಿಷದಿಂದ ಮಾಡ್ತಿದೀವಿ," ಅಂದರು. ದನಿಯಲ್ಲಿ ಕೋಪವಿರಲಿಲ್ಲ. "ಮೊದಲು ನಾಲ್ಕೈದು ನಿಮಿಷ ನಿಮ್ಮ ತಂದೆಯವರಿಗೇ ಮಾಡಿದ್ವಿ, ಎಂಗೇಜ್. ಎರಡನೇ ನಂಬರಿಗೆ ಮೊದಲನೇ ಸಲ ಮಾಡೋ ಹೊತ್ತಿಗೆ ಅದೂ ಎಂಗೇಜ್. ನಿಮ್ಮದೂ ಎಂಗೇಜ್. ಅರ್ಧ ಗಂಟೆ ಆಯ್ತು, ಈಗಷ್ಟೇ ಮುಂದಿನವರಿಗೆ ಹೇಳಿಬಿಟ್ವಿ ಅಮ್ಮ. ಅವರು ಹೊರಟಿದಾರೆ. ನಿಮ್ಮ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತೆ. ಧೈರ್ಯವಾಗಿರಿ."

ಹೊರಟವರನ್ನು ಅರ್ಧ ದಾರಿಯಿಂದ ವಾಪಸ್ಸು ಕಳಿಸಿ ಎಂಬ ಮಾತು ನನ್ನ ಬಾಯಿತುದಿಗೆ ಬಂದಿತ್ತು. ಇಷ್ಟು ಕೆಟ್ಟವಳು ನಾನು ಎಂದು ಅವತ್ತೇ ಗೊತ್ತಾಗಿದ್ದು. ಕೇಳಲಿಲ್ಲ, ಅಷ್ಟೇ.

ಸಂಜೆ ನಾಲ್ವರೂ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದೆವು. ಅತ್ತೆ ಚೀಲ ತಂದಿದ್ದಳು. ನಾನು ಹೇಳುವ ಮೊದಲೇ ಮನೆಯಿಂದ ಹೊರಟುಬಿಟ್ಟಿದ್ದಳು. ಈಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯಾರ ಜೊತೆ ಮಾತಾಡ್ತಿದ್ದೆ?" ಎಂದು ಅಪ್ಪನನ್ನು ಕೇಳಿದಳು.

ಅಪ್ಪ ತಲೆ ತಗ್ಗಿಸಿಕೊಂಡೇ ಹೇಳಿದರು. "ಪಕ್ಕದ ಮಂಚದವರ ಹೆಂಡತಿ. ನನ್ನ ಪಕ್ಕ ಡಯಾಲಿಸಿಸ್‌ಗೆ ಮಲಗೋರು ಇದ್ರಲ್ಲ, ಅವರು ಮಂಗಳವಾರ ಹೋಗ್ಬಿಟ್ರಂತೆ. ಯಾವತ್ತೋ ಒಂದಿನ ಅವರಿಗೆ ನಂಬರ್ ಕೊಟ್ಟಿದ್ದೆ. ಗಂಡನ ಫೋನಲ್ಲಿ ಇದ್ದೋರಿಗೆಲ್ಲ ಒಬ್ಬೊಬ್ಬರಿಗೇ ಮಾಡಿ ಹೇಳ್ತಿದ್ರು ಪಾಪ. ಅಳ್ತಾ ಇದ್ರು. ಹೇಗೆ ಇಡ್ಲಿ ಅಕ್ಕ?"

"ಇಡ್ಬಾರದು," ಅಂದಳು ಅತ್ತೆ ತಕ್ಷಣ. "ಸಾವಿನ ಸುದ್ದಿ ಹೇಳೋರ ಲೈನ್ ಕಡೀಬಾರದು. ನೀನು ಮಾಡಿದ್ದು ಸರಿ."

ಅಮ್ಮ ಮೂಗು ಒರೆಸಿಕೊಂಡಳು. ಆಮೇಲೆ ಅತ್ತೆ, ಯಾರನ್ನೂ ನೋಡದೆ, ತೀರ ಮೆಲ್ಲಗೆ ಕೇಳಿದಳು.

"ನನ್ನ ಲೈನ್ ಯಾಕೆ ಎಂಗೇಜ್ ಇತ್ತು?"

ನಾನೂ ಜೊತೆಗಿದ್ದೆ ಅತ್ತೆ, ನಾನೂ ಇಡಲಿಲ್ಲ ಎಂದೆ. ಅವಳಿಗೆ ಅದು ಕೇಳಿಸಲೇ ಇಲ್ಲ. ಅಪ್ಪ ಎದ್ದು ಹೋಗಿ ಅವಳ ತೊಡೆಯ ಮೇಲಿಂದ ಚೀಲ ತೆಗೆದು ಬಾಗಿಲ ಹಿಂದೆ ಇಟ್ಟರು. "ಇನ್ನೊಂದು ಬರುತ್ತೆ ಬಿಡಕ್ಕ" ಅಂದರು. ಕಾಯಿಲೆಯವರು ಸಮಾಧಾನ ಹೇಳುವುದು, ಗಟ್ಟಿ ಇದ್ದವರು ಕೈ ಚೆಲ್ಲಿ ಕೂರುವುದು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲವೂ ತಲೆಕೆಳಗು.

ಮಾರನೇ ಬೆಳಿಗ್ಗೆ ಅತ್ತೆ ನನ್ನ ಕನ್ನಡಕದಂಗಡಿಗೆ ಬಂದು ನನ್ನ ಮುಂದೆ ಫೋನಿಟ್ಟಳು. "ಆ ಕುಂಯ್ ಕುಂಯ್ ವಾಪಸ್ ಹಾಕು." ಹಾಕಿದೆ. ಮೂರೂ ಫೋನಿಗೆ. ಅವಳ ಕೈಯಲ್ಲೇ ಒಂದು ಸಲ ಪರೀಕ್ಷೆ ಮಾಡಿಸಿದೆ. ಮಾತಿನ ಮಧ್ಯೆ ಅದು ಕುಂಯ್ ಅಂದಾಗ ಅವಳ ಮುಖ ನೋಡಲಾಗಲಿಲ್ಲ. ಮೂವತ್ತೊಂದು ವರ್ಷ ನಂಬಿದ್ದನ್ನು ಅವಳು ಒಂದೇ ದಿನಕ್ಕೆ ಬಿಟ್ಟುಕೊಟ್ಟಿದ್ದಳು.

ಅಂದಿನಿಂದ ಅವಳು ಫೋನಿನಲ್ಲಿ ಹತ್ತು ಸೆಕೆಂಡ್ ದಾಟುವುದಿಲ್ಲ. ಹಳೆಯ ಲಿಫ್ಟಿನವನು ಮಗಳ ಮದುವೆಗೆ ಕರೆಯಲು ಮಾಡಿದರೆ "ಮನೆಗೆ ಬಂದು ಹೇಳಪ್ಪ" ಎಂದು ಇಟ್ಟಳಂತೆ. ಅವನು ಬೇಜಾರು ಮಾಡಿಕೊಂಡು ಬರಲೇ ಇಲ್ಲ. ದಿನವೆಲ್ಲ ಸಕ್ಕರೆ ಡಬ್ಬಿಗೆ ಒರಗಿಸಿದ ಆ ನಾಲ್ಕು ಚುಕ್ಕಿಗಳ ಮುಂದೆ ಕೂತಿರುತ್ತಾಳೆ. ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಒಯ್ಯುತ್ತಾಳೆ.

ಅದಾಗಿ ಹದಿನಾಲ್ಕು ತಿಂಗಳಾಯಿತು. ಇನ್ನೊಂದು ಕರೆ ಬರಲಿಲ್ಲ.

ಇನ್ನು ಬರುವುದೂ ಇಲ್ಲ. ಮೂರು ವಾರದ ಹಿಂದೆ ದೊಡ್ಡ ಆಸ್ಪತ್ರೆಯಲ್ಲಿ ಅಪ್ಪನ ಹೃದಯದ ಪರೀಕ್ಷೆ ಮಾಡಿದರು. ಇಷ್ಟು ದಿನದ ಡಯಾಲಿಸಿಸ್‌ಗೆ ಅದು ಸೋತುಹೋಗಿದೆ, ಆಪರೇಷನ್ ತಡೆಯುವುದಿಲ್ಲ ಅಂದರು. ಪಟ್ಟಿ ಮೇಡಂ ಅಪ್ಪನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು, ಹೆಸರು ತೆಗೆಯಬೇಕಾಗುತ್ತದೆ ಎಂದು ಹೇಳಿದರು. ಅವರ ಕಣ್ಣು ತುಂಬಿತ್ತು. ಅಪ್ಪ ಅವರ ಕೈಗಡಿಯಾರ ನೋಡಿ "ನಾಲ್ಕು ನಿಮಿಷ ಹಿಂದಿದೆ ಮೇಡಂ, ಒಂದಿನ ತನ್ನಿ, ಸರಿ ಮಾಡ್ಕೊಡ್ತೀನಿ" ಅಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಉಸಿರು ತೆಗೆದುಕೊಳ್ಳಲು ಕೂತಾಗ ನನ್ನ ಕೈ ಹಿಡಿದರು. "ನಿಮ್ಮಮ್ಮನಿಗೆ ಹೇಳೋಣ. ನಿಮ್ಮತ್ತೆಗೆ ಬೇಡ."

"ಎಷ್ಟು ದಿನ ಮುಚ್ಚಿಡೋದು ಅಪ್ಪ?"

"ನಾನಿರೋವರೆಗೆ. ಹೇಳಿದ್ರೆ ಆ ಗುರುವಾರ ಅವಳನ್ನ ತಿಂದುಹಾಕುತ್ತೆ. ಈಗ ಕಾಯೋ ಕೆಲಸ ಆದ್ರೂ ಇದೆ ಅವಳಿಗೆ."

ಅವರ ಮಾತು ಸರಿ ಅನ್ನಿಸಲಿಲ್ಲ. ತಪ್ಪು ಅನ್ನಲೂ ಆಗಲಿಲ್ಲ. ಹಾಗಾಗಿ ಈಗ ನಾವು ಮೂವರೂ ಬಾಯಿಗೆ ಬೀಗ ಹಾಕಿಕೊಂಡು, ಬಾರದ ಕರೆಗಾಗಿ ಲೈನ್ ಖಾಲಿ ಇಡುತ್ತಿದ್ದೇವೆ. ಬೀಗದ ಕೈ ಎಲ್ಲಿದೆ ಎಂದು ಕೇಳಲು ಈಗಲೂ ಅತ್ತೆಗೆ ಮೊದಲು ಮೆಸೇಜು ಹಾಕುತ್ತೇನೆ. "ಎರಡು ಸ್ಟಾಪ್ ಆಗಲಿ" ಎಂದು ಉತ್ತರ ಬರುತ್ತದೆ.

ಆದರೆ ನನಗೆ ತಡೆಯಲಾಗುತ್ತಿಲ್ಲ. ದಿನಾ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಆ್ಯಪ್ ತೆಗೆದು ಅವಳ ಚುಕ್ಕಿ ನೋಡುತ್ತೇನೆ. ಮನೆಯಲ್ಲಿದ್ದಾಳೆ. ನಿಂತಿದೆ. ರಿಂಗು ಇದೆ. ಚಾರ್ಜು ನೂರು. ಕರೆಯಲ್ಲಿಲ್ಲ. ಅವಳಿಗಿಂತ ಖಾಲಿ ಇರುವ ಮನುಷ್ಯರು ಊರಲ್ಲಿ ಇಲ್ಲ. ಆದರೆ ಈ ಸುದ್ದಿ ಕೇಳಲು ಅವಳು ಯಾವ ಹೊತ್ತಿನಲ್ಲಿ ಖಾಲಿ ಇರುತ್ತಾಳೆ ಎಂದು ಯಾವ ಚುಕ್ಕಿ ನೋಡಿ ತಿಳಿಯಲಿ? ಅದನ್ನು ಹೇಳಬಲ್ಲವಳು ಒಬ್ಬಳೇ ಇದ್ದಾಳೆ, ಅವಳನ್ನೇ ಕೇಳುವಂತಿಲ್ಲ.

ನಿನ್ನೆ ಧೈರ್ಯ ಮಾಡಿ ಫೋನ್ ಮಾಡಿದೆ. ಹೇಳಿಯೇಬಿಡುವುದು ಎಂದುಕೊಂಡಿದ್ದೆ. ಅರ್ಧ ರಿಂಗಿಗೇ ಎತ್ತಿದಳು.

"ಹೇಳು."

"ಅತ್ತೆ..."

"ಬೇಗ ಹೇಳು, ನಿಮ್ಮಪ್ಪ ಬಸ್ಸಲ್ಲಿದಾನೆ, ಅವನಿಗೆ ರಿಂಗ್ ಕೇಳಿಸದೆ ಇದ್ರೆ ಆಸ್ಪತ್ರೆಯವರು ನನಗೇ ಮಾಡ್ತಾರೆ."

"ಏನಿಲ್ಲ. ಸುಮ್ನೆ ಮಾಡ್ದೆ."

"ಸುಮ್ಸುಮ್ನೆ ಮಾಡ್ಬೇಡ ಕಣೆ. ಲೈನ್ ಖಾಲಿ ಇರಲಿ," ಎಂದು ಇಟ್ಟಳು. ಒಂಬತ್ತು ಸೆಕೆಂಡ್ ಆಗಿತ್ತು.